ಭುಜಕ್ಕೆ ಹಚ್ಚಿದ ಔಷಧಿ

ಬಸ್ ನಿಲ್ದಾಣದ ಗಾಜಿನ ಕೋಣೆಯಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿಗೆ ಹೊರಟಿದೆ ಎಂದು ಕೂಗಿ ಹೇಳುವುದು ಅವಳ ಕೆಲಸ. ತೂಕಡಿಸುತ್ತಿದ್ದವರೂ ಆ ದನಿ ಕೇಳಿ ಚೀಲ ಎತ್ತಿಕೊಳ್ಳುತ್ತಿದ್ದರು. ಮದುವೆಯಾದ ಎರಡನೇ ವರ್ಷ ದನಿ ದಪ್ಪಗಾಗತೊಡಗಿತು.

"ನೆಗಡಿ ಮೈಕಿಗಾ ಅಕ್ಕಾ, ನಿಮಗಾ?" ಎಂದು ಡ್ರೈವರುಗಳು ಕಿಟಕಿಯಲ್ಲಿ ಇಣುಕಿ ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಗಲ್ಲದ ಮೇಲೆ ಒರಟು ಕೂದಲು ಮೂಡಿ, ಮುಟ್ಟು ತಪ್ಪಿ ತಪ್ಪಿ ಕೊನೆಗೆ ನಿಂತೇಹೋದಾಗ ನಗು ಬತ್ತಿತು.

ಮೊದಲು ಅತ್ತೆ ಹಿಗ್ಗಿದ್ದರು. ಬಸಿರಲ್ಲವೆಂದು ಗೊತ್ತಾದ ಮೇಲೆ, "ಎಂಥಾ ಬಂಜೆ ಗಂಟುಬಿದ್ದಳೋ" ಎಂದು ಫೋನಿನಲ್ಲಿ ಯಾರಿಗೋ ಹೇಳಿದ್ದು ಸೊಸೆಯ ಕಿವಿಗೂ ಬಿತ್ತು. ಗಂಡ ಮಾತ್ರ ಒಂದು ದಿನವೂ ಗದರಲಿಲ್ಲ. "ಬಿಡು, ಎಲ್ಲಾ ಸರಿಹೋಗುತ್ತೆ" ಎಂದು ತಲೆ ಸವರಿ ಭುಜಕ್ಕೆ ಒರಗಿಸಿಕೊಳ್ಳುತ್ತಿದ್ದ. ಇಂಥ ಗಂಡ ಯಾರಿಗುಂಟು ಎಂದುಕೊಂಡು ಅವಳು ಅಲ್ಲೇ ನಿದ್ದೆಹೋಗುತ್ತಿದ್ದಳು.

ರಕ್ತಪರೀಕ್ಷೆ ಮಾಡಿಸಿದ ಡಾಕ್ಟರಮ್ಮ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡರು.

"ಗಂಡಸರ ಹಾರ್ಮೋನು ಹೆಂಗಸರಲ್ಲೂ ಇರುತ್ತಮ್ಮ, ಬೇಕು ಕೂಡ. ಅಂಡಾಶಯ ಅದನ್ನ ತಾನೇ ತಯಾರಿಸಿ, ಅದರಿಂದಲೇ ಹೆಣ್ಣಿನ ಹಾರ್ಮೋನು ಮಾಡ್ಕೊಳುತ್ತೆ. ಆದ್ರೆ ಅತಿಯಾದ್ರೆ ಮೊಟ್ಟೆ ಬಲಿಯಲ್ಲ, ಮುಟ್ಟೂ ಬರಲ್ಲ. ನಿಮ್ಮಲ್ಲಿ ತುಂಬಾ ಜಾಸ್ತಿ ಇದೆ, ಸ್ಕ್ಯಾನಿನಲ್ಲಿ ಮಾತ್ರ ಏನೂ ತೊಂದ್ರೆ ಕಾಣ್ತಿಲ್ಲ. ಹೊರಗಿಂದ ಸೇರ್ತಿದೆಯೇನೋ. ಮನೇಲಿ ಯಾರಾದ್ರೂ ಮೈಗೆ ಹಚ್ಚೋ ಹಾರ್ಮೋನು ಔಷಧಿ ಬಳಸ್ತಾರಾ? ಮೈಗೆ ಮೈ ತಾಗಿದ್ರೂ ಅದು ಅಂಟಿ ಒಳಗೆ ಸೇರುತ್ತೆ."

"ಇಲ್ಲ," ಅವಳಿಗಿಂತ ಮೊದಲೇ ಗಂಡ ಹೇಳಿದ.

ಆಮೇಲೆ ತಂಗಿಗೆ ಹೆರಿಗೆಯಾಯಿತು. ನೋಡಿಕೊಳ್ಳಲು ಹೋದವಳು ಎರಡು ತಿಂಗಳು ಅಲ್ಲೇ ಉಳಿದಳು. ಅಲ್ಲಿ ಮುಟ್ಟು ಮರಳಿತು. ಗಂಡನಿಗೆ ಎದುರಿಗೇ ಹೇಳೋಣವೆಂದು ಫೋನೂ ಮಾಡದೆ ಬೆಳಿಗ್ಗೆ ಬಂದಿಳಿದಳು. ಬಚ್ಚಲಿನ ಬಾಗಿಲು ತೆರೆದಿತ್ತು. ಗಂಡ ಟ್ಯೂಬಿನಿಂದ ಏನನ್ನೋ ಅಂಗೈಗೆ ಹಿಂಡಿಕೊಂಡು ಎರಡೂ ಭುಜಕ್ಕೆ ತಿಕ್ಕಿಕೊಳ್ಳುತ್ತಿದ್ದ.

"ಏನದು?"

ಟ್ಯೂಬು ಬೆನ್ನ ಹಿಂದೆ ಹೋಯಿತು. "ನನ್ನ ಮೈಯಲ್ಲಿ ಗಂಡಸರ ಹಾರ್ಮೋನು ಹುಟ್ಟೋದೇ ಕಡಿಮೆ. ನಿನಗೆ ಹೇಳಿದ್ರೆ ಬಿಟ್ಟುಹೋಗ್ತೀಯ ಅಂತ..."

"ಡಾಕ್ಟರು ಕೇಳಿದಾಗ ಇಲ್ಲ ಅಂದ್ರಿ. ನನ್ನ ದನಿ ಕೆಟ್ಟುಹೋಗ್ತಿದ್ದದ್ದು ನಿಮಗೆ ಕೇಳಿಸ್ತಿರಲಿಲ್ವಾ?"

"ಕೇಳಿಸ್ತಿತ್ತು."

ಅಡುಗೆಮನೆಯಿಂದ ಅತ್ತೆ ಓಡಿಬಂದರು. "ಮೆಲ್ಲಗೆ ಮಾತಾಡಮ್ಮ, ಪಕ್ಕದ ಮನೆಯವರಿಗೆ ಕೇಳಿಸುತ್ತೆ. ಗಂಡಸಿನ ಮಾನದ ವಿಷಯ."

ಅತ್ತೆಗೂ ಗೊತ್ತಿತ್ತು! ಅವಳು ಬಿಚ್ಚದ ಚೀಲವನ್ನೇ ಎತ್ತಿಕೊಂಡು ತಂಗಿಯ ಮನೆಗೆ ವಾಪಸ್ಸು ಹೋದಳು; ಕೆಲಸಕ್ಕೂ ಅಲ್ಲಿಂದಲೇ ಓಡಾಡತೊಡಗಿದಳು.

ಮುಟ್ಟು ಈಗ ಸರಿಯಾಗಿ ಬರುತ್ತಿದೆ. ದನಿ ಮೊದಲಿನಂತಾಗುವುದು ಅನುಮಾನ ಎಂದಿದ್ದಾರೆ ಡಾಕ್ಟರಮ್ಮ. ಒಂದು ಮಧ್ಯಾಹ್ನ ಗಂಡ ನಿಲ್ದಾಣದ ಕಿಟಕಿಗೆ ಬಂದು ನಿಂತ. "ಇನ್ಮೇಲೆ ಕೈ ತೊಳ್ಕೊತೀನಿ, ಅಂಗಿ ಹಾಕ್ಕೊಂಡೇ ಮಲಗ್ತೀನಿ. ಮನೆಗೆ ಬಾ."

"ಔಷಧಿ ಹಚ್ಕೊಂಡಿದ್ದಕ್ಕೆ ನಂಗೆ ಸಿಟ್ಟಿಲ್ಲ," ಎಂದಳು. "ಒಂದು ಮಾತು ಹೇಳಿದ್ರೆ ಕೈಗವಸು ಹಾಕ್ಕೊಂಡು ನಾನೇ ಹಚ್ಚಿಕೊಡ್ತಿದ್ದೆ. ಬಂಜೆ ಅನ್ನಿಸ್ಕೊಂಡು ಬಂದು ನಿಮ್ಮ ಭುಜದ ಮೇಲೇ ಅಳ್ತಿದ್ನಲ್ಲ, ಆಗಲೂ ನಿಮಗೆ ಬಾಯಿ ಬರಲಿಲ್ಲ."

ಅವಳು ಇನ್ನೂ ಆ ಮನೆಗೆ ಹೋಗಿಲ್ಲ.