ಕೆಂಪು ಗಿಟಾರು ಮತ್ತು ಬೀರಲಿಂಗಪ್ಪನ ಗಲ್ಲ

ಬ್ಯಾಡಗಿಯ ಪಾಲಿಶ್ ಬೀರಲಿಂಗಪ್ಪನಿಗೆ ಕೈಗಿಂತ ಗಲ್ಲದ ಮೇಲೆ ನಂಬಿಕೆ ಹೆಚ್ಚು. ಬಾಗಿಲಿರಲಿ, ತೊಟ್ಟಿಲಿರಲಿ, ಕೆಲಸ ಮುಗಿದ ಮೇಲೆ ಗಿರಾಕಿಯ ಎದುರಿಗೇ ಅದರ ಮೇಲೆ ಗಲ್ಲವಿಟ್ಟು, ಕಣ್ಣು ಮುಚ್ಚಿ ಒಂದು ಸಲ ಸವರುತ್ತಾನೆ. ಎಲ್ಲೂ ತಡೆಯದಿದ್ದರೆ ಮಾತ್ರ ಕೊಡುತ್ತಾನೆ. ಮೂವತ್ತು ವರ್ಷದಲ್ಲಿ ಅವನ ಕೆಲಸವನ್ನು ಯಾರೂ ವಾಪಸು ತಂದಿಲ್ಲ. ಇದನ್ನು ಅವನೇ ದಿನಕ್ಕೆ ಮೂರು ಸಲ ಹೇಳುವುದರಿಂದ ಓಣಿಗೆಲ್ಲ ಬಾಯಿಪಾಠವಾಗಿದೆ.

ಇಂಥವನ ಬಳಿಗೆ ರಾಣೆಬೆನ್ನೂರಿನ ಕಿರಣಕುಮಾರ ಬಂದ. ಮದುವೆಗಳಲ್ಲಿ ಹಾಡುವ ಆರ್ಕೆಸ್ಟ್ರಾದಲ್ಲಿ ಕರೆಂಟಿನ ಗಿಟಾರು ನುಡಿಸುವವನು. ಹೊಸ ಗಿಟಾರನ್ನು ತಾನೇ ಮಾಡಿಕೊಳ್ಳುವ ಹುಚ್ಚು ಹತ್ತಿ, ತಂತಿ, ಬಿರಡೆ ಏನೂ ಇಲ್ಲದ ಬರಿ ಕಟ್ಟಿಗೆಯ ಒಡಲನ್ನು ಚೀಲದಲ್ಲಿ ತಂದಿದ್ದ.

"ಕುಂದ್ರೂ ಮಣಿಗೆ ಕೋಡು ಮೂಡಿದಂಗೈತಲ್ಲೋ ತಮ್ಮಾ. ಇದರ ಮ್ಯಾಲೆ ಯಾರು ಕುಂದ್ರತಾರ?" ಎಂದ ಬೀರಲಿಂಗಪ್ಪ.

"ಕುಂದ್ರೂದಲ್ರಿ ಕಾಕಾ, ಕೊರಳಿಗೆ ಹಾಕ್ಕೊಂಡು ಬಾರಿಸೂದು. ಕೆಂಪು ಬಣ್ಣ ಆಗಬೇಕು, ಆದ್ರ ಕಟ್ಟಿಗಿ ಎಳಿ ಕಾಣಬೇಕು. ಮ್ಯಾಲೆ ಬರೇ ಎಣ್ಣಿ, ವಾರ್ನಿಶ್ ಬ್ಯಾಡ್ರಿ. ಬರೂ ತಿಂಗಳ ಹಾವೇರ್ಯಾಗ ಪ್ರೋಗ್ರಾಂ ಐತಿ."

ಜೊತೆಗೆ ಅಂಗಡಿಯ ಬಣ್ಣದ ಡಬ್ಬಿಯನ್ನೂ ಮುಂದಿಟ್ಟ. ಬೀರಲಿಂಗಪ್ಪನಿಗೆ ಸಿಟ್ಟು ನೆತ್ತಿಗೇರಿತು.

"ಬ್ಯಾಡಗಿಗೆ ಹೊರಗಿಂದ ಕೆಂಪು ಬಣ್ಣ ತರ್ತೀಯೇನು? ನಮ್ಮ ಮೆಣಸಿನಕಾಯಿ ಹೆಸರಾಗಿದ್ದು ಬಣ್ಣಕ್ಕ, ಖಾರಕ್ಕಲ್ಲ. ಅದನ್ನ ಎಣ್ಣ್ಯಾಗ ನೆನಿಸಿ ಹಚ್ಚಿಕೊಡ್ತೀನಿ. ಕೂಸು ನೆಕ್ಕಿದ್ರೂ ಏನೂ ಆಗೂದಿಲ್ಲ, ನನ್ನ ಗಲ್ಲದ ಆಣಿ!"

ಹೆಂಡತಿ ಮೀನಾಕ್ಷಿ ಹಲಗೇರಿಯ ತವರಿಗೆ ಹೋಗಿದ್ದಳು. ಅಡುಗೆಮನೆಯ ಡಬ್ಬಿಯಲ್ಲಿದ್ದ ಖಾರದ ಪುಡಿಯನ್ನೆಲ್ಲ ಬೀರಲಿಂಗಪ್ಪ ಬೆಚ್ಚಗಿನ ಅಗಸೆ ಎಣ್ಣೆಗೆ ಸುರಿದ. ಮೂವತ್ತು ವರ್ಷ ಪಾಲಿಶಿನ ಸ್ಪಿರಿಟ್ ಕುಡಿದ ಮೂಗು ಅವನದು, ಘಾಟು ತಿಳಿಯಲಿಲ್ಲ. ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ, ಎಳೆಯ ಗುಂಟ ತಿಕ್ಕಿದ, ಬಿಸಿಲಿಗಿಟ್ಟ, ಮತ್ತೆ ತಿಕ್ಕಿದ. ಜಡ್ಡುಗಟ್ಟಿದ ಕೈಗೂ ಏನೂ ಅನ್ನಿಸಲಿಲ್ಲ. ವಾರದಲ್ಲಿ ಕಟ್ಟಿಗೆ ಎಂಥ ಕೆಂಪಾಯಿತೆಂದರೆ, ಇದನ್ನು ಕೊಟ್ಟುಬಿಡಬೇಕಲ್ಲ ಎಂದು ಅವನಿಗೆ ಸಂಕಟವೇ ಆಯಿತು.

ಕಿರಣಕುಮಾರ ಬರುವ ದಿನ, ಅವನಿಗಿಂತ ಮೊದಲು ತಾನೊಮ್ಮೆ ನೋಡಿಬಿಡೋಣವೆಂದು ಗಲ್ಲವಿಟ್ಟು ಸವರಿದ. ನುಣುಪಿನಲ್ಲಿ ಕೊರತೆ ಹುಡುಕುವಂತಿರಲಿಲ್ಲ. ಮೊದಲು ಗಲ್ಲ ಬೆಚ್ಚಗಾಯಿತು, ಬಿಸಿಲಿಗಿಟ್ಟದ್ದಲ್ಲವೇ ಎಂದುಕೊಂಡ. ಆಮೇಲೆ ಧಗಧಗ ಎಂದಿತು. ಒರೆಸಿಕೊಳ್ಳಲು ಹೋಗಿ ಅದೇ ಕೈಯನ್ನು ಕಣ್ಣಿಗೂ ತಾಗಿಸಿಕೊಂಡ. ಮೀನಾಕ್ಷಿ ತವರಿನಿಂದ ಬಂದು ಅಂಗಳಕ್ಕೆ ಕಾಲಿಟ್ಟಾಗ ಗಂಡ ನೀರಿನ ಡ್ರಮ್ಮಿನಲ್ಲಿ ಮುಖವಿಟ್ಟು ಕುಣಿಯುತ್ತಿದ್ದ.

ಖಾಲಿ ಡಬ್ಬಿ ನೋಡಿ ಅವಳಿಗೆ ಎಲ್ಲ ತಿಳಿಯಿತು.

"ಬ್ಯಾಡಗಿ ಕಾಯಿ ಪುಡಿ ಅಲ್ಲೇನ ಅದು?" ಎಂದು ನರಳಿದ ಬೀರಲಿಂಗಪ್ಪ.

"ಬಣ್ಣಕ್ಕ ಬ್ಯಾಡಗಿ, ಖಾರಕ್ಕ ಗುಂಟೂರು, ಅರ್ಧಾ ಅರ್ಧಾ ಹಾಕಿ ಕುಟ್ಟಿಸೇನಿ. ಬರೇ ಬ್ಯಾಡಗಿ ಹಾಕಿದ್ರ ಸಾರು ಸಪ್ಪಗ ಐತಿ ಅಂತ ತಾಟು ಸರಸ್ತಿದ್ದವ್ರು ಯಾರ್ರಿ?"

ಅಷ್ಟರಲ್ಲಿ ಗೇಟಿನ ಸದ್ದು. ಗಲ್ಲವಿಡದೇ ಕೊಟ್ಟುಬಿಟ್ಟರೆ ಹೇಗೆ ಎಂದು ಬೀರಲಿಂಗಪ್ಪನಿಗೆ ಆಸೆಯಾಯಿತು. ನೋಡಲಿಕ್ಕಂತೂ ಚೆಂದವಾಗಿದೆ. ಆದರೆ ಹಾವೇರಿಯಲ್ಲಿ ಬೆವರಿದ ಮೊಣಕೈ ಅದರ ಮೇಲೆ ಮೂರು ತಾಸು ಉಜ್ಜುತ್ತದೆ! ಕಿರಣಕುಮಾರ ಕಣ್ಣರಳಿಸಿ, "ಆಹಾ ಕಾಕಾ!" ಎಂದು ಕೈ ಚಾಚಿದ.

"ಮುಟ್ಟಬ್ಯಾಡೋ!" ಎಂದು ಚೀರಿದ ಬೀರಲಿಂಗಪ್ಪ. ಮುಂದಿನ ಮಾತು ಮೂವತ್ತು ವರ್ಷದಲ್ಲಿ ಆಡಿ ರೂಢಿಯಿಲ್ಲದ್ದು. "ತಪ್ಪು... ನಂದ ಐತಿ."

ಕಿರಣಕುಮಾರ ಗಿಟಾರು ನೋಡಿದ, ಕಾಕಾನ ಗಲ್ಲ ನೋಡಿದ. ಎರಡೂ ಒಂದೇ ಬಣ್ಣ. ನಕ್ಕೂ ನಕ್ಕೂ ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟ.

ಮರುದಿನ ಬೀರಲಿಂಗಪ್ಪ ಮೂಗಿಗೆ ಟವೆಲು ಕಟ್ಟಿಕೊಂಡು ಪಾಲಿಶ್ ಪೇಪರಿನಲ್ಲಿ ಬಣ್ಣವನ್ನೆಲ್ಲ ಕೆರೆದು ತೆಗೆದ. ಓಣಿಯೆಲ್ಲ ಸೀನಿತು. ಬ್ಯಾಡಗಿಯಲ್ಲಿ ಸೀನಿದರೆ ಯಾಕೆಂದು ಯಾರೂ ಕೇಳುವುದಿಲ್ಲ, ಅದೊಂದು ಪುಣ್ಯ. ಮೀನಾಕ್ಷಿ ತಾನೇ ಕುಳಿತು ಸುಕ್ಕುಗಟ್ಟಿದ ಅಸಲು ಬ್ಯಾಡಗಿ ಕಾಯಿ ಆರಿಸಿ, ತೊಟ್ಟು, ಬೀಜ ತೆಗೆದು, ಬರಿ ಸಿಪ್ಪೆಯನ್ನು ಎಣ್ಣೆಗೆ ಹಾಕಿಕೊಟ್ಟಳು.

ಹದಿನೈದು ದಿನದ ಮೇಲೆ ಕಿರಣಕುಮಾರ ಬಂದು ದೂರವೇ ನಿಂತ. "ಕಾಕಾ, ಗಲ್ಲ ಇಡ್ರಿ ಮೊದಲ."

ಬೀರಲಿಂಗಪ್ಪ ಈ ಸಲ ಇನ್ನೊಂದು ಗಲ್ಲವನ್ನು ಇಟ್ಟ. ಮೀನಾಕ್ಷಿ ಮೊಸರಿನ ಬಟ್ಟಲು ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಗಲ್ಲ ತಣ್ಣಗಿತ್ತು.

"ಒಯ್ಯಿ," ಎಂದ ಬೀರಲಿಂಗಪ್ಪ. ಜೀವ ಬಂದಂತಾಗಿ ಎದೆಯುಬ್ಬಿಸಿದ. "ಮೂವತ್ತು ವರ್ಷದಾಗ ನನ್ನ ಕೆಲಸ ಒಬ್ಬರೂ ವಾಪಸ್ ತಂದಿಲ್ಲ..."

"ಒಂದ ಸಲ ನೀವ ಕೊಡಲಿಲ್ಲ. ಅದನ್ನೂ ಸೇರಿಸಿ ಹೇಳ್ರಿ," ಎಂದಳು ಮೀನಾಕ್ಷಿ.

ಈಗ ಅದನ್ನೂ ಸೇರಿಸಿಯೇ ಹೇಳುತ್ತಾನೆ. ಮನೆಯಲ್ಲಿ ಸಾರು ಬರೇ ಬ್ಯಾಡಗಿಯದು. ಊಟಕ್ಕೆ ಕುಳಿತಾಗ ಮೀನಾಕ್ಷಿ, "ಹೆಂಗೈತ್ರಿ?" ಎಂದು ದಿನಾ ಕೇಳುತ್ತಾಳೆ. ಬೀರಲಿಂಗಪ್ಪ ಗಲ್ಲ ಸವರಿಕೊಂಡು, "ಖಾರ ಬರೋಬ್ಬರಿ ಐತಿ," ಎನ್ನುತ್ತಾನೆ.