ಬೆನ್ನ ಹಿಂದಿನ ಜೇಬು ಕಾಯುವಾಕೆ

ಬೀದಿದೀಪಗಳು ಇನ್ನೂ ಆರಿಲ್ಲ. ಎಂದೋ ಮುಚ್ಚಿಹೋದ ಪೆಟ್ರೋಲ್ ಬಂಕಿನ ಸೂರಿನಡಿ ಸೈಕಲ್ ಸವಾರರು ಒಬ್ಬೊಬ್ಬರಾಗಿ ಬಂದು ನಿಲ್ಲುತ್ತಿದ್ದಾರೆ. ಮಡಚುವ ಕುರ್ಚಿಯ ಮೇಲೆ ಸೂಜಿಡಬ್ಬಿ ಹಿಡಿದು ಕೂತಿರುವ ಹೆಂಗಸು ಯಾರ ಮುಖವನ್ನೂ ನೋಡುವುದಿಲ್ಲ. ಆಕೆ ನೋಡುವುದು ಬೆನ್ನು.

"ಬಗ್ಗಿ," ಎನ್ನುತ್ತಾರೆ. ಸವಾರ ಬಗ್ಗುತ್ತಾನೆ. ಜೆರ್ಸಿಯ ಹಿಂಬದಿಯಲ್ಲಿ, ಸೊಂಟದ ಮೇಲಕ್ಕೆ, ಸಾಲಾಗಿ ಮೂರು ಜೇಬು. ಆಕೆಯ ಎರಡು ಬೆರಳು ಒಂದೊಂದರ ಬಾಯಿಗೂ ಇಳಿದು, ಕೆಳಕ್ಕೆ ಜಗ್ಗಿ, ಫಕ್ಕನೆ ಬಿಡುತ್ತವೆ.

"ನಿನ್ನೆ ತಾನೇ ನೋಡಿದ್ರಲ್ಲಕ್ಕ."

"ನಿನ್ನೆ ನೋಡಿದ್ದು ನಿನ್ನೆಗಾಯ್ತು. ಆಮೇಲೆ ಒಗೆದಿರ್ತೀರ. ನೀರಿಗೆ ಬಿದ್ದ ಎಲಾಸ್ಟಿಕ್ಕು ಯಾರ ಮಾತೂ ಕೇಳಲ್ಲ."

ಸವಾರರು ಆಕೆಗೆ ಇಟ್ಟಿರುವ ಹೆಸರು ಜೇಬಕ್ಕ. ಮಜ್ಜಿಗೆಯನ್ನೂ ಊದಿ ಕುಡಿಯುವ ಸ್ವಭಾವ. ಅದೇ ಅವರ ಕಸುಬಿನ ಬಂಡವಾಳ. ಬಾಳೆಹಣ್ಣಿನ ಜೊತೆ ಬೀಗದಕೈ ಇಟ್ಟವನನ್ನು ಅವರು ಬಿಡುವುದಿಲ್ಲ. "ಹಸಿವಾದಾಗ ಹಣ್ಣು ಎಳೀತೀಯ, ಅದರ ಬೆನ್ನು ಹತ್ತಿ ಕೀನೂ ಬರುತ್ತೆ. ಹಣ್ಣು ಹೊಟ್ಟೆಗೆ, ಕೀ ಚರಂಡಿಗೆ." ಭಾರದ ವಸ್ತು ನಡುವಿನ ಜೇಬಿಗೆ, ಮೊಬೈಲು ಬೆವರು ತಾಗದಂತೆ ಪ್ಲಾಸ್ಟಿಕ್ ಚೀಲದೊಳಗೆ, ಬೀಗದಕೈ ಮಾತ್ರ ಜಿಪ್ ಇರುವ ಒಳಜೇಬಿಗೆ: ಇದು ಅವರ ಕಟ್ಟಳೆ.

ಮೊದಲು ಆಕೆ ಆಸ್ಪತ್ರೆಯೊಂದರ ಹೊಲಿಗೆ ಕೋಣೆಯಲ್ಲಿ ಹಾಸಿಗೆಬಟ್ಟೆಯ ಅಂಚು ಹೊಲಿಯುತ್ತಿದ್ದರು. ಆ ಕೋಣೆಗೆ ಬೀಗ ಬಿದ್ದ ಮೇಲೆ ಮನೆಯ ಮುಂಗೋಣೆಗೇ ಯಂತ್ರ ತಂದರು. ಗಂಡನ ಮನೆ ಬಿಟ್ಟುಬಂದ ನಾದಿನಿಯದು ಇನ್ನೊಂದು ಯಂತ್ರ. ಇಬ್ಬರೂ ಬೆನ್ನಿಗೆ ಬೆನ್ನು ಹಾಕಿ ಕೂರುತ್ತಾರೆ. ಕೋಣೆ ಅಷ್ಟೇ ಅಗಲ. ಜೆರ್ಸಿಯ ಬಟ್ಟೆ ಹಾವಿನ ಪೊರೆಯಂತೆ ಜಾರುವಂಥದ್ದು. ಚೂಪು ಸೂಜಿ ತಾಗಿದರೆ ತೂತು ಬೀಳುತ್ತದೆಂದು ಮೊಂಡು ಮೂತಿಯ ಸೂಜಿಯನ್ನೇ ಹಾಕಬೇಕು. ಎಲಾಸ್ಟಿಕ್ಕನ್ನು ಎಷ್ಟು ಜಗ್ಗಿ ಹೊಲಿಯಬೇಕೆಂಬುದು ಹೆಬ್ಬೆರಳಿಗೆ ಮಾತ್ರ ತಿಳಿಯುತ್ತದೆ. ನಾದಿನಿ ಹೊಲಿದದ್ದನ್ನೆಲ್ಲ ಜೇಬಕ್ಕ ಎಳೆದು ನೋಡಿದ ಮೇಲೆಯೇ ಅದು ಹೊಸಿಲು ದಾಟುವುದು.

ಇಷ್ಟು ಎಚ್ಚರವಿದ್ದ ಮನೆಯೊಳಗೇ ಅನುಮಾನದ ಕಥೆಯೊಂದು ಹುಟ್ಟಿತು. ಅದನ್ನು ಸವಾರರು ಹೇಳುವ ಬಗೆ ಒಂದು, ನಾದಿನಿ ಹೇಳುವ ಬಗೆ ಇನ್ನೊಂದು. ಮೊದಲರ್ಧದಲ್ಲಿ ಮಾತ್ರ ಎರಡೂ ಒಂದೇ.

ಸವಾರರಲ್ಲಿ ಬೀಗದ ಅಂಗಡಿಯ ಒಡೆಯನೊಬ್ಬನಿದ್ದಾನೆ. ಎಲ್ಲರಿಗೂ ಬೀಗದಣ್ಣ. ಊರಿಗೆಲ್ಲ ಬೀಗ ಮಾರುವ ಆತ ಒಂದು ಬೀಗವನ್ನೂ ನಂಬಿದವನಲ್ಲ. ಜಿಪ್ ಎಂದರೆ ಅವನಿಗೆ ಇನ್ನೂ ಅಪನಂಬಿಕೆ. ನಡುಜೇಬಿನ ಬಾಯಿಯನ್ನೇ ಬಿಗಿ ಮಾಡಿಕೊಡಬೇಕೆಂದು ಹಟ ಹಿಡಿದ.

"ಅಷ್ಟು ಬಿಗಿ ಯಾಕಣ್ಣ? ಹಿಂದಿನ ಸೈಕಲ್ಲಿನವನು ಕೈ ಹಾಕ್ತಾನಾ?" ಜೇಬಕ್ಕ ಕೇಳಿದರು.

"ಹಾಕಲ್ಲ ಅಂತ ನೀವು ಬರೆದುಕೊಡ್ತೀರಾ?"

ನಾದಿನಿ ಬಿಗಿಯಾಗಿ ಹೊಲಿದಳು, ಜೇಬಕ್ಕ ಎಳೆದು ನೋಡಿ ಕೊಟ್ಟರು. ಮುಂದಿನ ವಾರದ ಒಂದು ಚಳಿಯ ಬೆಳಿಗ್ಗೆ, ಏರುದಾರಿಯಲ್ಲೆಲ್ಲೋ, ಅಂಗಡಿಯ ಬೀಗದಕೈ ಗೊಂಚಲು ಮಾಯವಾಯಿತು. ಬೀಗದಂಗಡಿಯ ಬೀಗ ತೆಗೆಸಲು ಪಕ್ಕದ ಬೀದಿಯ ಎದುರಾಳಿಯನ್ನೇ ಕರೆತರಬೇಕಾಯಿತು. ಆ ಅವಮಾನ ಹೊತ್ತು ಬೀಗದಣ್ಣ ಬಂಕಿನ ಸೂರಿನಡಿ ಬಂದು ನಿಂತ.

"ಜೇಬು ಬಿಟ್ಟಿದೆ."

"ಎಲ್ಲಿ ಬಿಟ್ಟಿದೆ, ತೋರ್ಸಿ."

"ಎಲ್ಲೋ ಬಿಟ್ಟಿದೆ. ಇಲ್ದಿದ್ರೆ ಗೊಂಚಲಿಗೆ ರೆಕ್ಕೆ ಬಂತಾ?"

ತಂಡದ ಕ್ಯಾಪ್ಟನ್ ಗಂಟಲು ಸರಿಮಾಡಿಕೊಂಡ. "ಅಕ್ಕ, ಈ ಸಲ ಎಲ್ಲರಿಗೂ ಹೊಸ ಜೆರ್ಸಿ ನಿಮ್ಮ ಹತ್ರಾನೇ ಹೊಲಿಸ್ಬೇಕು ಅಂತಿತ್ತು. ಮೊದಲು ಇದೊಂದು ಇತ್ಯರ್ಥ ಆಗ್ಲಿ."

ಆ ಹೊಲಿಗೆ ತಪ್ಪಿದರೆ ಎರಡು ಯಂತ್ರಗಳಿಗೂ ಮುಸುಕು ಹಾಕುವುದೇ ಸೈ. ಜೇಬಕ್ಕ ಜೆರ್ಸಿಯನ್ನು ಮನೆಗೊಯ್ದು ಕಿಟಕಿಯ ಬೆಳಕಿಗೆ ಹಿಡಿದರು. ಒಂದು ಹೊಲಿಗೆಯೂ ಜಾರಿರಲಿಲ್ಲ. ಆದರೆ ಅನುಮಾನಕ್ಕೆ ತೂತೇ ಬೇಕೆಂದಿಲ್ಲ. ಬೀಗದಣ್ಣನ ಹಿಂದೆ ಸೈಕಲ್ ತುಳಿಯುವವನ ಮೇಲೆ ಗುಮಾನಿ ಬಂತು. ಕ್ಯಾಪ್ಟನ್ನನ ಭಾವಮೈದುನನದು ಸಿದ್ಧ ಉಡುಪಿನ ಅಂಗಡಿ; ಜೆರ್ಸಿಯ ಕೆಲಸ ತನಗೆ ಬರಲೆಂದು ಮಾಡಿಸಿದನೋ ಎಂದು ಅವನ ಮೇಲೂ ಬಂತು. ಊರೆಲ್ಲ ಸುತ್ತಿದ ಗುಮಾನಿ ಕೊನೆಗೆ ಬೆನ್ನ ಹಿಂದಿನ ಯಂತ್ರಕ್ಕೇ ಬಂದು ಕೂತಿತು. ಎಲಾಸ್ಟಿಕ್ಕನ್ನು ಇವಳು ಸರಿಯಾಗಿ ಜಗ್ಗಿದ್ದಳೋ ಇಲ್ಲವೋ?

ಬಾಯಿಬಿಟ್ಟು ಕೇಳಲಿಲ್ಲ. ನಾದಿನಿ ಸ್ನಾನಕ್ಕೆ ಹೋದಾಗ ಅವಳು ಹೊಲಿದಿಟ್ಟಿದ್ದ ಜೇಬುಗಳನ್ನು ಬಿಚ್ಚತೊಡಗಿದರು. ಅವಳು ತಲೆ ಒರೆಸಿಕೊಳ್ಳುತ್ತ ಬಂದವಳು ಬಾಗಿಲಲ್ಲೇ ನಿಂತಳು.

"ಏನತ್ತಿಗೆ, ನನ್ನ ಹೊಲಿಗೆ ಬಿಚ್ತಿದ್ದೀರ?"

"ದಾರದ ಬಣ್ಣ ಹೊಂದ್ತಿರ್ಲಿಲ್ಲ."

"ದಾರ ತಂದಿದ್ದು ನೀವೇ." ಅವಳು ಒಳಗೆ ಬರಲಿಲ್ಲ. "ನನ್ನ ಮೇಲೆ ಅನುಮಾನ ಅಂತ ಹೇಳ್ಬಿಡಿ. ನಾನೂ ಬೇರೆ ಕಡೆ ಕೆಲಸ ನೋಡ್ಕೋತೀನಿ."

ಜೇಬಕ್ಕ ಬಿಚ್ಚಿದ ದಾರವನ್ನು ಬೆರಳಿಗೆ ಸುತ್ತತೊಡಗಿದರು. ನಾದಿನಿಯೇ ಮುಂದುವರಿಸಿದಳು: "ಖಾಲಿ ಜೆರ್ಸಿ ಏನು ಸಾಕ್ಷಿ ಹೇಳುತ್ತೆ? ಆ ಮನುಷ್ಯ ಅವತ್ತು ಏನೇನು ಹಾಕ್ಕೊಂಡಿದ್ನೋ ಎಲ್ಲ ಹಾಕ್ಕೊಂಡು ಬರ್ಲಿ. ನಾನೂ ಬರ್ತೀನಿ."

ಮರುದಿನ ಬೀಗದಣ್ಣ ಬಂದ. ಅದೇ ಜೆರ್ಸಿ, ಅದರ ಮೇಲೆ ಗಾಳಿ ತಡೆಯುವ ತೆಳು ವಿಂಡ್‌ಚೀಟರ್, ಕೈಗೆ ದಪ್ಪ ಗ್ಲೌಸು. ಕ್ಯಾಪ್ಟನ್ ಹ್ಯಾಂಡಲ್ ಹಿಡಿದುಕೊಂಡ, ಬೀಗದಣ್ಣ ಸೀಟೇರಿದ. ಜೇಬಿನಲ್ಲಿ ಬೇರೊಂದು ಗೊಂಚಲಿತ್ತು.

"ದಾರೀಲಿ ಹೊರಗೆ ತೆಗೆದಿದ್ರಾ?" ನಾದಿನಿ ಕೇಳಿದಳು.

"ತೆಗೀದೆ? ಇದೆಯೋ ಇಲ್ವೋ ಅಂತ ಆಗಾಗ ನೋಡ್ಬೇಕಲ್ಲ."

"ಹಾಗಾದ್ರೆ ತೆಗೆದು ನೋಡಿ. ಮತ್ತೆ ಒಳಗೆ ಹಾಕಿ. ತಿರುಗ್ಬೇಡಿ."

ಗೊಂಚಲು ಹೇಗೋ ಹೊರಬಂತು. ಹಿಂದಿರುಗಿದ ಕೈ ವಿಂಡ್‌ಚೀಟರಿನ ಅಂಚೆತ್ತಿ ಒಳಹೊಕ್ಕು ತಡಕಾಡಿತು. ಬಿಗಿದ ಜೇಬಿನ ಬಾಯಿ ಗ್ಲೌಸಿನ ಬೆರಳಿಗೆ ಸಿಗಲಿಲ್ಲ. ಗೊಂಚಲು ಜೆರ್ಸಿಗೂ ವಿಂಡ್‌ಚೀಟರಿಗೂ ನಡುವೆ ಇಳಿದು, ಅಂಚಿನ ಎಲಾಸ್ಟಿಕ್ಕಿನ ಮೇಲೆ ಜೇಬಿನಲ್ಲಿದ್ದಂತೆಯೇ ಕೂತಿತು.

"ಹಾಕಾಯ್ತು," ಅಂದ ಬೀಗದಣ್ಣ.

"ಈಗ ಏರು ಬಂತು ಅಂದ್ಕೊಳ್ಳಿ. ಎದ್ದು ತುಳೀರಿ."

ಎದ್ದ. ವಿಂಡ್‌ಚೀಟರ್ ಮೇಲೆ ಸರಿಯಿತು. ಗೊಂಚಲು ಸಿಮೆಂಟಿನ ಮೇಲೆ ಝಲ್ಲೆಂದು ಬಿತ್ತು.

ಹಿಂದಿನಿಂದ ಯಾರೋ ಮೆಲ್ಲಗೆ ಅಂದರು: "ನೀನು ಬೀಗ ಗಟ್ಟಿಯಾಗೇ ಹಾಕಿದ್ದೆ ಕಣಣ್ಣ. ಬಾಗಿಲು ಮಾತ್ರ ಇರ್ಲಿಲ್ಲ."

ಸವಾರರ ಕಥೆ ಈ ನಗುವಿನಲ್ಲಿ ಮುಗಿಯುತ್ತದೆ. ಕ್ಯಾಪ್ಟನ್ ಹೊಸ ಜೆರ್ಸಿಗಳ ಕೆಲಸ ಒಪ್ಪಿಸಿದ. ಬೀಗದಣ್ಣ ಜೇಬಿನ ಬಾಯಿ ಸಡಿಲಿಸಲು ಜೆರ್ಸಿ ಬಿಚ್ಚಿಕೊಟ್ಟ. ನಾದಿನಿಯ ಕಥೆಯಲ್ಲಿ ಯಾರೂ ಅಷ್ಟು ನಗುವುದಿಲ್ಲ. ಮನೆ ಸೇರಿದ ಜೇಬಕ್ಕ ಚಪ್ಪಲಿ ಬಿಡುವ ಮೊದಲೇ, "ಅಷ್ಟು ಬಿಗಿಗೆ ಒಪ್ಪಿದವಳು ನಾನು. ಅನುಮಾನಪಟ್ಟಿದ್ದು ನಿನ್ನ ಮೇಲೆ," ಅಂದರಂತೆ.

"ಗೊತ್ತು. ಬಿಚ್ಚಿದ್ದನ್ನೆಲ್ಲ ನೀವೇ ಹೊಲೀರಿ," ಅಂದಳಂತೆ ಅವಳು.

ಈಗ ಮುಂಗೋಣೆಯ ತುಂಬ ಹೊಸ ಜೆರ್ಸಿಗಳ ರಾಶಿ. ಜೇಬಕ್ಕನಿಗೆ ದೊಡ್ಡ ಆಸೆಗಳೇನೂ ಇಲ್ಲ. ಹೋದವರು ಹಿಂದಿರುಗಿ ಗಾಳಿ, ಏರು, ನಾಯಿಗಳ ಬಗ್ಗೆ ಮಾತಾಡಬೇಕು, ಜೇಬಿನ ಸುದ್ದಿ ಯಾರೂ ಎತ್ತಬಾರದು, ಅಷ್ಟೇ. ನಾದಿನಿ ಹೊಲಿದದ್ದನ್ನು ಇವತ್ತಿಗೂ ಎಳೆದು ನೋಡುತ್ತೀರಾ ಎಂದರೆ ಸೂಜಿಗೆ ದಾರ ಪೋಣಿಸುತ್ತಲೇ ಉತ್ತರಿಸುತ್ತಾರೆ.

"ನೋಡ್ದೆ ಬಿಡ್ತೀನಾ? ಈಗ ನಾನು ಹೊಲಿದಿದ್ದನ್ನ ಅವಳೂ ಎಳೆದು ನೋಡ್ತಾಳೆ."

"ಮೊನ್ನೆ ಒಂದು ವಾಪಸ್ ಕಳಿಸ್ದೆ," ಎನ್ನುತ್ತಾಳೆ ನಾದಿನಿ, ಆಚೆಯ ಯಂತ್ರದಿಂದ, ತಿರುಗದೆ.

ಜೇಬಕ್ಕನ ಮುಖ ಅರಳುತ್ತದೆ. "ಸರಿಯಾಗೇ ಕಳಿಸಿದ್ಲು."