ಡೀಸೆಲ್ ಉಳಿಸುತ್ತಿದ್ದ ಮಾವ

ನಮ್ಮ ಮಾವನ ಬಲಗೈ ಹೆಬ್ಬೆರಳಿನ ಉಗುರಿನೊಳಗೆ ಸದಾ ಒಂದು ಕಪ್ಪು ಗೆರೆ ಇರುತ್ತಿತ್ತು. ಎಷ್ಟು ಸೋಪು ಹಾಕಿ ಉಜ್ಜಿದರೂ ಹೋಗದ ಟೈರಿನ ಕಪ್ಪು. ಕಂಡವರ ಗಾಡಿಯ ಟೈರಿಗೂ ಉಗುರು ಒತ್ತಿ ನೋಡುವ ಚಾಳಿ ಅವರದು. ನಾನು ಹೆಮ್ಮಿಗೆಗೆ ಸೊಸೆಯಾಗಿ ಬಂದ ದಿನ ನಮ್ಮ ತವರಿನವರ ವ್ಯಾನಿನ ಟೈರನ್ನೂ ಹೀಗೇ ಒತ್ತಿ ನೋಡಿ, ಆಮೇಲೆ ಬೀಗರಿಗೆ ಕೈ ಮುಗಿದ ಮಹಾನುಭಾವರು.

ತೊಂಬತ್ತರ ದಶಕದ ಕೊನೆ ಅದು. ಮಾವ ಒಂದು ಹಳೆಯ ಪಿಕಪ್ ಕೊಂಡು, ಊರಿನವರ ತರಕಾರಿ, ಬಾಳೆಗೊನೆಗಳನ್ನು ನಂಜನಗೂಡಿಗೆ ಸಾಗಿಸುತ್ತಿದ್ದರು. ಮನೆ ನಡೆಯುತ್ತಿದ್ದುದು ಅದರಿಂದಲೇ. ಹಾಗಾಗಿ ಡೀಸೆಲ್ ಎಂದರೆ ಅವರಿಗೆ ಪ್ರಾಣ. ಭಾರ ಕಡಿಮೆಯಾಗಲಿ ಎಂದು ಕ್ಯಾಬಿನ್ ಮೇಲಿದ್ದ ಕಬ್ಬಿಣದ ಕ್ಯಾರಿಯರ್ ಬಿಚ್ಚಿಸಿ ಹಾಕಿದ್ದರು. ಲೋಡು ಇಳಿಸಿದ ಮೇಲೆ ಹಿಂದೆ ಉಳಿದ ಮಣ್ಣನ್ನು ತಾವೇ ಪೊರಕೆ ಹಿಡಿದು ಗುಡಿಸುತ್ತಿದ್ದರು. ಮನೆಯ ಅಂಗಳ ಗುಡಿಸಿದ್ದನ್ನು ಮಾತ್ರ ನಾನು ಒಂದು ದಿನವೂ ಕಾಣಲಿಲ್ಲ.

"ನಾನ್ ಕೂತ್ರೆ ಡೀಸೆಲ್ ಜಾಸ್ತಿ ಆಯ್ತದಂತೆ ಕಣವ್ವ, ಅದುಕ್ಕೆ ನನ್ನ ಬಸ್ಸಲ್ಲಿ ಕಳುಸ್ತಾರೆ" ಎಂದು ಅತ್ತೆ ನಗುತ್ತಿದ್ದರು.

ಒಮ್ಮೆ ನಂಜನಗೂಡಿನ ಗುಡಿಗೆ ಹೋಗಿದ್ದ ನಾನು, ಅತ್ತೆ ಇಬ್ಬರೂ ಮಾವನ ಜೊತೆ ಟೈರಿನಂಗಡಿಯಲ್ಲಿ ಸಿಕ್ಕಿಹಾಕಿಕೊಂಡೆವು. ಮಾವ ಕುಕ್ಕರಗಾಲಿನಲ್ಲಿ ಕೂತು ಒಂದೊಂದು ಟೈರನ್ನೂ ಮೂಸಿ, ಒತ್ತಿ, ಉರುಳಿಸಿ ನೋಡಿದರು. ಅಂಗಡಿಯವನು ದಪ್ಪ ಹಲ್ಲಿನ ಟೈರು ತೋರಿಸಿದ. "ಇದು ಗದ್ದೆ ದಾರಿಗೆ ಸರಿ ಕಣಪ್ಪ. ಟಾರ್ ಮೇಲೆ ಬರೀ ಸದ್ದು ಮಾಡ್ತದೆ, ಡೀಸೆಲ್ ಕುಡೀತದೆ. ಉದ್ದ ಗೆರೆದ್ ತೋರ್ಸು" ಎಂದರು ಮಾವ.

ಅತ್ತೆ ನನ್ನ ಕಿವಿಯಲ್ಲಿ, "ನನ್ನ ನೋಡಕ್ ಬಂದಾಗ ಇದ್ರಲ್ಲಿ ಕಾಲ್ಭಾಗನೂ ನೋಡ್ಲಿಲ್ಲ" ಎಂದರು.

ಗಾಳಿಯ ವಿಷಯದಲ್ಲಂತೂ ಮಹಾ ಹಟಮಾರಿ. "ಸಾಕು ಯಜಮಾನ್ರೆ, ಟೈರ್ ನಡುಮಧ್ಯ ಸವ್ದೋಯ್ತದೆ" ಎಂದು ಪಂಕ್ಚರ್ ಅಂಗಡಿಯವನು ಬೇಡಿಕೊಂಡರೂ, "ಕಲ್ಲಿದ್ದಂಗಿರ್ಬೇಕು, ಹಾಕ್ಲಾ" ಎನ್ನುತ್ತಿದ್ದರು. ಗಾಳಿ ಬಿಗಿಯಾಗಿದ್ದಷ್ಟೂ ಮೈಲೇಜು ಹೆಚ್ಚು ಎಂಬುದು ಅವರ ನಂಬಿಕೆ. ಖಾಲಿ ಗಾಡಿಯಲ್ಲಿ ಕೂತರೆ ಸೊಂಟ ಕಳಚಿ ಬಿದ್ದ ಹಾಗಾಗುತ್ತಿತ್ತು.

ನನ್ನ ಮೊದಲ ಬಸಿರಿನ ಏಳನೇ ತಿಂಗಳಲ್ಲಿ, ನರಸೀಪುರದ ಆಸ್ಪತ್ರೆಗೆ ತೋರಿಸಲು ಅದೇ ಗಾಡಿಯಲ್ಲಿ ಮಾವ ಕರೆದುಕೊಂಡು ಹೋದರು. ಅದೇ ವಾರ ಮಗು ಹೊಟ್ಟೆಯಲ್ಲೇ ಹೋಯಿತು. ಗಾಡಿಯ ಕುಲುಕಾಟಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ನಾನು ನಂಬಿದೆ, ಅತ್ತೆಯೂ ನಂಬಿದರು. ಮಾವ ನಂಬಲಿಲ್ಲ. ಆಮೇಲೆ ಅವರು ನನ್ನ ಮುಖ ನೋಡಿ ಮಾತನಾಡುವುದನ್ನೇ ಬಿಟ್ಟುಬಿಟ್ಟರು. ಮಗು ಹೋದ ಸಂಕಟದ ಜೊತೆಗೆ ಅದೊಂದು ಸಂಕಟ ನನಗೆ.

ಎರಡನೇ ಸಲ ಬಸಿರಾಗಿ ಆಸ್ಪತ್ರೆಗೆ ಹೊರಡಬೇಕಾದ ಬೆಳಿಗ್ಗೆ, ಹೊರಗೆ ಏನೋ ಬುಸುಗುಡುವ ಸದ್ದು. ಇಣುಕಿದರೆ, ಮಾವ ಮೊಳೆ ಹಿಡಿದು ನಾಲ್ಕೂ ಟೈರಿನ ಗಾಳಿಯನ್ನು ಅಷ್ಟಷ್ಟೇ ಬಿಡುತ್ತಿದ್ದರು. ಆಮೇಲೆ ಮರಳು ತುಂಬಿದ ಮೂಟೆಗಳನ್ನು ಒಂದೊಂದಾಗಿ ಹೊತ್ತು ಹಿಂದೆ ಹಾಕತೊಡಗಿದರು.

"ಇದೇನ್ರೀ, ಮರಳ ಮಾರಕ್ ಒಂಟ್ರಾ?" ಎಂದರು ಅತ್ತೆ.

"ಭಾರ ಇದ್ರೆ ಗಾಡಿ ಎಗರಲ್ಲ ಕಣೆ."

ನನಗೆ ತಡೆಯಲಾಗಲಿಲ್ಲ. "ಮಾವ, ಡೀಸೆಲ್ಲು?" ಎಂದೆ.

"ಕುಡ್ಕಳ್ಲಿ ಬುಡವ್ವ" ಎಂದರು. ಎಷ್ಟೋ ತಿಂಗಳ ಮೇಲೆ ನನ್ನ ಮುಖ ನೋಡಿ ಆಡಿದ ಮಾತು ಅದು.

ಸೈಕಲ್ಲಿನವರು ನಮ್ಮನ್ನು ಹಿಂದೆ ಹಾಕಿ ಹೋಗುತ್ತಿದ್ದರು. ಮಾವ ಒಂದೊಂದು ಗುಂಡಿಯ ಮುಂದೆಯೂ ಗಾಡಿ ನಿಲ್ಲಿಸಿದ ಹಾಗೆ ಮಾಡಿ, ಮೆಲ್ಲಗೆ ಇಳಿಸಿ, ಮೆಲ್ಲಗೆ ಹತ್ತಿಸಿದರು. ವಾಪಸು ಬಂದು ಮೂಟೆ ಇಳಿಸಿ, ಮತ್ತೆ ಗಾಳಿ ತುಂಬಿಸಿಕೊಂಡು ಬಾಳೆಗೊನೆಗೆ ಹೋದರು. ಪ್ರತಿ ಸಲವೂ ಹೀಗೇ. ಆ ವಯಸ್ಸಿನಲ್ಲಿ ಮೂಟೆ ಹೊತ್ತು ಅವರ ಬೆನ್ನು ಹಿಡಿದುಕೊಂಡಿತು. ನನ್ನ ಗಂಡ ಸಹಾಯಕ್ಕೆ ಹೋದರೆ ಗದರಿ ಕಳಿಸುತ್ತಿದ್ದರು.

ಮಾವ ತೀರಿಕೊಂಡು ಬಹಳ ವರ್ಷಗಳಾದವು. ನನ್ನನ್ನು ಹೆತ್ತವರೂ ನನಗಾಗಿ ಅಷ್ಟು ಹೆದರಿದ್ದನ್ನು ನಾನು ನೋಡಿಲ್ಲ. ಆ ಋಣ ತೀರಿಸುವುದು ಹೇಗೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅವರನ್ನು ನೆನೆದಾಗಲೆಲ್ಲ ನರಸೀಪುರದ ಹೆರಿಗೆ ಕೋಣೆಯ ಅರೆತೆರೆದ ಬಾಗಿಲು ಕಣ್ಣಿಗೆ ಬರುತ್ತದೆ. ಒಳಗೆ ಮಲಗಿದ್ದ ನನಗೆ ಹೊರಗಿನ ಮಾತೆಲ್ಲ ಕೇಳಿಸುತ್ತಿತ್ತು.

"ಹೆಣ್ಮಗು, ಯಜಮಾನ್ರೆ" ಎಂದರು ನರ್ಸಮ್ಮ.

"ಅಳ್ತಾ ಅದಾ?"

"ಆಸ್ಪತ್ರೆ ಎಲ್ಲಾ ಕೇಳೋ ಅಂಗೆ ಅಳ್ತಾ ಅದೆ, ನಿಮಗ್ ಕೇಳುಸ್ತಿಲ್ವಾ?"

"ಕೇಳುಸ್ತಾ ಅದೆ ಕಣವ್ವ" ಎಂದರು ಮಾವ. "ಅಳ್ತಾ ಅದೆ ಅಂತ ನೀನ್ ಇನ್ನೊಂದ್ಸಲ ಯೋಳು."